ಹಾರ್ಪ್ಸಿಕಾರ್ಡ್ ವಾದನವನ್ನು ಆಲಿಸುವ ಕ್ರಮ

ಮಂಗಳೂರಿನ ಚರ್ಚುಗಳಲ್ಲಿ ಹಾರ್ಮೋನಿಯಂ ಕೇಳಿ, ಯಕ್ಷಗಾನದ ಚೆಂಡೆಗೆ ಎದೆಗೊಟ್ಟು ಬೆಳೆದ ಕಿವಿಗೆ ಹಾರ್ಪ್ಸಿಕಾರ್ಡ್ ಎಂಬ, ಪಿಯಾನೊದಂತೆ ಕೀಗಳನ್ನು ಒತ್ತಿ ನುಡಿಸುವ ಯುರೋಪಿನ ಹಳೆಯ ತಂತಿವಾದ್ಯದ ನಾದ ಮೊದಮೊದಲು ಏರಿಳಿತವಿಲ್ಲದಂತೆ ಕೇಳಿಸುವುದು ಸಹಜ. ಪಿಯಾನೊದಲ್ಲಿ ಸುತ್ತಿಗೆ ತಂತಿಯನ್ನು ಹೊಡೆದರೆ, ಇಲ್ಲಿ ಹಕ್ಕಿಗರಿಯ ದಂಟಿನ ಅಥವಾ ಪ್ಲಾಸ್ಟಿಕ್ಕಿನ ಚಿಕ್ಕ ಮೊನೆಯೊಂದು ಅದನ್ನು ಮೀಟುತ್ತದೆ. ಕೀಯನ್ನು ಎಷ್ಟೇ ಬಲವಾಗಿ ಒತ್ತಿದರೂ ಧ್ವನಿಯ ಗಾತ್ರ ಹೆಚ್ಚುಕಡಿಮೆ ಅಷ್ಟೇ. ಆದ್ದರಿಂದ ಸ್ವರ ಎಷ್ಟು ಜೋರಾಗಿದೆ ಎಂಬುದನ್ನು ಬಿಟ್ಟು, ಅದು ಯಾವ ಕ್ಷಣಕ್ಕೆ ಹುಟ್ಟಿತು, ಯಾವ ಕ್ಷಣಕ್ಕೆ ನಿಂತಿತು ಎಂಬುದನ್ನು ಗಮನಿಸಬೇಕು.

ಬೆರಳು ಮೇಲೆದ್ದೊಡನೆ ಬಟ್ಟೆಯ ತುಣುಕೊಂದು ತಂತಿಯ ಮೇಲೆ ಕುಳಿತು ನಾದವನ್ನು ತಡೆಯುತ್ತದೆ. ವಾದಕರು ಒಂದು ಸ್ವರವನ್ನು ಮುಂದಿನದರ ಮೇಲೂ ಚಾಚಿ ಹಿಡಿದರೆ ನಾದ ತುಂಬಿಕೊಳ್ಳುತ್ತದೆ. ಮುಖ್ಯ ಸ್ವರಕ್ಕೆ ಮುಂಚೆ ಕೂದಲೆಳೆಯಷ್ಟು ಮೌನ ಬಿಟ್ಟರೆ ಆ ಸ್ವರವೇ ಜೋರಾಯಿತೆಂದು ಕಿವಿ ನಂಬುತ್ತದೆ. ಪ್ಯಾರಿಸ್ಸಿನ ಸಂಗೀತ ರಚನೆಕಾರ ಫ್ರಾಂಸ್ವಾ ಕೂಪರಾಂ 1716ರ ತನ್ನ ಕೈಪಿಡಿಯಲ್ಲಿ ಇದನ್ನೇ ವಿವರಿಸಿದ್ದಾನೆ: ಕಮಾನಿನ ವಾದ್ಯಗಳು ನಾದವನ್ನು ಉಬ್ಬಿಸುವ ಕಡೆ, ಇಲ್ಲಿ ಸ್ವರವನ್ನು ತುಸು ತಡಮಾಡಿದರೆ ಅದೇ ಪರಿಣಾಮ ದೊರೆಯುತ್ತದೆ.

ಉಡುಪಿಯ ರಾಜಾಂಗಣದಲ್ಲಿ ವೀಣೆ ಕೇಳಿದವರು ಇಲ್ಲಿ ಗಮಕವನ್ನು ಹುಡುಕಿ ನಿರಾಶರಾಗಬಾರದು. ತಂತಿಯನ್ನು ಎಳೆಯುವ ಅವಕಾಶವೇ ಈ ವಾದ್ಯಕ್ಕಿಲ್ಲ. ಅದರ ಬದಲು, ಅಕ್ಕಪಕ್ಕದ ಎರಡು ಸ್ವರಗಳು ಬೇಗಬೇಗ ತೂಗಾಡುವ ಟ್ರಿಲ್ ಎಂಬ ಅಲಂಕಾರವನ್ನು ಗಮನಿಸಿ. ಅದು ನಿಧಾನವಾಗಿ ಆರಂಭವಾಗಿ, ಗೊತ್ತಾಗದಂತೆ ವೇಗ ಪಡೆಯಬೇಕೆಂದು ಕೂಪರಾಂ ಬಯಸಿದ್ದ. ಆದಿಯಿಂದ ಅಂತ್ಯದವರೆಗೆ ಒಂದೇ ವೇಗದಲ್ಲಿ ಸಾಗುವ ಟ್ರಿಲ್ ನನಗಂತೂ ಹೊಲಿಗೆ ಯಂತ್ರದ ಸದ್ದಿನಂತೆ ಕೇಳಿಸುತ್ತದೆ.

ಆರಂಭಕ್ಕೆ ಫ್ರಾಂಸ್ವಾನ ದೊಡ್ಡಪ್ಪ ಲೂಯಿ ಕೂಪರಾಂನ ತಾಳಮುಕ್ತ ಪ್ರಿಲ್ಯೂಡುಗಳು, ಅಂದರೆ ಪೀಠಿಕೆಯಂಥ ಕಿರುಕೃತಿಗಳು, ಸೂಕ್ತ. ಅವುಗಳ ಬರಹದಲ್ಲಿ ಸ್ವರಗಳಿವೆ, ಆದರೆ ಯಾವ ಸ್ವರಕ್ಕೆ ಎಷ್ಟು ಕಾಲ ಎಂಬ ನಿರ್ದೇಶನವಿಲ್ಲ. ರಾಗಾಲಾಪನೆಯಂತೆ ಆ ತೀರ್ಮಾನ ವಾದಕರದೇ ಆಗಿರುವುದರಿಂದ ಒಬ್ಬರಿಗೂ ಇನ್ನೊಬ್ಬರಿಗೂ ಇರುವ ಅಂತರ ಕೂಡಲೇ ತಿಳಿಯುತ್ತದೆ.

ಆಟಿ ತಿಂಗಳ ಮಳೆ ಹಂಚಿನ ಮಾಡಿನ ಮೇಲೆ ಸುರಿಯುವಾಗ ಶಬ್ದವನ್ನು ಏರಿಸುವ ಆಸೆಯಾದೀತು. ಏರಿಸಬೇಡಿ, ಇದು ಸಣ್ಣ ದನಿಯ ವಾದ್ಯ, ಧ್ವನಿಮುದ್ರಣ ಜೋರಾದರೆ ಮೀಟಿನ ಕರ್ಕಶತೆಯೇ ಮುಂದಾಗುತ್ತದೆ. ಮಳೆ ನಿಂತ ಮೇಲೆ, ಫ್ರಾಂಸ್ವಾ ಕೂಪರಾಂ 1717ರಲ್ಲಿ ಪ್ರಕಟಿಸಿದ ‘ಲೇ ಬಾರಿಕಾದ್ ಮಿಸ್ತೆರಿಯೂಸ್’ ಕೃತಿಯನ್ನು ಸ್ಕಾಟ್ ರಾಸ್ ಅವರಿಂದಲೂ ಮತ್ತೊಬ್ಬ ವಾದಕರಿಂದಲೂ ಬೆನ್ನುಬೆನ್ನಿಗೆ ಕೇಳಿ, ಮಂದ್ರದ ಸ್ವರಗಳನ್ನು ಯಾರು ಹೆಚ್ಚು ಹೊತ್ತು ಬಿಗಿಹಿಡಿದರು ಎಂಬುದೊಂದನ್ನೇ ಗುರುತಿಸಿಕೊಳ್ಳಿ.