ನಿಮ್ಮೂರಿನ ಬರಹದ ಕಲ್ಲನ್ನು ಹುಡುಕಿ ಓದುವುದು ಹೇಗೆ?

ರಜೆ ಸಿಕ್ಕರೆ ಹಂಪಿ, ಬೇಲೂರು ಅಂತ ಹೊರಡುತ್ತೇವೆ, ಹೋಗಲಿ ಬಿಡಿ, ಹೋಗಬೇಕಾದ ಜಾಗಗಳೇ ಅವು. ಆದರೆ ನೀವು ಕೋಲಾರ ಅಥವಾ ಚಿಕ್ಕಬಳ್ಳಾಪುರ ಕಡೆಯವರಾದರೆ, ನಿಮ್ಮೂರಿನ ಕೆರೆ ಏರಿ ಮೇಲೋ, ಅರಳಿಕಟ್ಟೆ ಹಿಂದೆಯೋ, ಯಾರದೋ ರಾಗಿ ಹೊಲದ ಬದುವಿನಲ್ಲೋ ಸಾವಿರ ವರ್ಷದ ಹಿಂದಿನ ಕಲ್ಲೊಂದು ನಿಂತಿದ್ದರೆ ಆಶ್ಚರ್ಯವೇನಿಲ್ಲ. ಗಂಗರು, ಬಾಣರು, ನೊಳಂಬರು, ಚೋಳರು, ಹೊಯ್ಸಳರು, ವಿಜಯನಗರದವರು, ಎಲ್ಲರೂ ಈ ಸೀಮೆಗಾಗಿ ಹೊಡೆದಾಡಿದವರೇ. ಸತ್ತವರ ಕಲ್ಲುಗಳು ಊರೂರಲ್ಲೂ ಇವೆ.

ಹುಡುಕಲು ಡಿಗ್ರಿ ಬೇಡ, ಆದರೆ ಒಂದು ಕ್ರಮ ಬೇಕು. ಮೊದಲು ಪುಸ್ತಕ, ಆಮೇಲೆ ಹೊಲ. ಸುಮ್ನೆ ಬೈಕ್ ಹತ್ತಿ ಹೊರಟರೆ ಸಿಗುವುದು ಬಿಸಿಲು ಮಾತ್ರ.

ಪುಸ್ತಕ ಅಂದರೆ ಬ್ರಿಟಿಷರ ಕಾಲದ ವಿದ್ವಾಂಸ ಬಿ.ಎಲ್. ರೈಸ್ ಸಂಪಾದಿಸಿದ 'ಎಪಿಗ್ರಾಫಿಯಾ ಕರ್ನಾಟಿಕಾ', ಅಂದರೆ ಕಲ್ಲು, ತಾಮ್ರಪಟಗಳ ಮೇಲಿನ ಬರಹಗಳನ್ನು (ಶಾಸನಗಳನ್ನು) ಅಚ್ಚು ಹಾಕಿದ ಸಂಪುಟಗಳು. ಕೋಲಾರ ಜಿಲ್ಲೆಯದು 10ನೇ ಸಂಪುಟ, 1905ರದ್ದು. ಚಿಕ್ಕಬಳ್ಳಾಪುರ ಜಿಲ್ಲೆ ಆಗಿದ್ದು 2007ರಲ್ಲಿ, ಹಾಗಾಗಿ ಶಿಡ್ಲಘಟ್ಟ, ಚಿಂತಾಮಣಿ, ಬಾಗೇಪಲ್ಲಿಯವರೂ ಅದೇ ಸಂಪುಟ ತೆಗೆಯಬೇಕು. ತುಮಕೂರಿನವರಿಗೆ 12ನೆಯದು. ಇಂಟರ್‌ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಸಿಗುತ್ತವೆ, ಫೋನಿಗೆ ಇಳಿಸಿಕೊಳ್ಳಿ. ಒಳಗೆ ತಾಲ್ಲೂಕುವಾರು ನಂಬರ್ ಹಾಕಿ ಶಾಸನಗಳನ್ನು ಜೋಡಿಸಿದ್ದಾರೆ. ಆದರೆ ಹೆಸರುಗಳು ಆ ಕಾಲದವು. ಬಂಗಾರಪೇಟೆಯನ್ನು ಬೌರಿಂಗ್‌ಪೇಟೆ ಅಂತಲೂ ಮಧುಗಿರಿಯನ್ನು ಮದ್ದಗಿರಿ ಅಂತಲೂ ಹುಡುಕಬೇಕು. ಊರಿನ ಹೆಸರೇ ಈಗಿನ ನಕ್ಷೆಯಲ್ಲಿ ಇಲ್ಲದಿದ್ದರೆ ಅದು ಬೇಚರಾಕ್ ಗ್ರಾಮ ಆಗಿರಬಹುದು, ಅಂದರೆ ಜನ ಬಿಟ್ಟುಹೋದ ಊರು. ಗ್ರಾಮ ಆಡಳಿತಾಧಿಕಾರಿಯನ್ನು (ಮೊದಲು ಗ್ರಾಮ ಲೆಕ್ಕಿಗರು ಅನ್ನುತ್ತಿದ್ದರು) ಕೇಳಿದರೆ ಅದು ಈಗ ಯಾವ ಊರಿನ ಪಕ್ಕದಲ್ಲಿದೆ ಅಂತ ಹೇಳುತ್ತಾರೆ.

ಪ್ರತಿ ಶಾಸನದ ತಲೆಯ ಮೇಲೆ ಒಂದು ಸಣ್ಣ ಸಾಲು ಇರುತ್ತದೆ: ಕಲ್ಲು ಎಲ್ಲಿ ನಿಂತಿದೆ, ತೂಬಿನ ಹತ್ತಿರವೋ, ದೇವಸ್ಥಾನದ ಮುಂದೆಯೋ, ಊರಿನ ಯಾವ ದಿಕ್ಕಿನ ಹೊಲದಲ್ಲೋ, ಹಲವು ಕಡೆ ಅದರ ಅಳತೆ ಎಷ್ಟು ಅಡಿ ಅಂತಲೂ. ಆ ಸಾಲೇ ನಿಮ್ಮ ಬಂಡವಾಳ. ನೂರಿಪ್ಪತ್ತು ವರ್ಷದಲ್ಲಿ ಕಲ್ಲು ಅಲ್ಲೇ ಇರಬೇಕು ಅಂತೇನಿಲ್ಲ. ದೇವಸ್ಥಾನ ಹೊಸದಾಗಿ ಕಟ್ಟುವಾಗ ಗೋಡೆ ಸೇರಿರಬಹುದು, ಚರಂಡಿ ಮೇಲೆ ಚಪ್ಪಡಿಯಾಗಿ ಮಲಗಿರಬಹುದು, ಬಟ್ಟೆ ಒಗೆಯುವ ಕಲ್ಲಾಗಿರಬಹುದು. ಅದಕ್ಕೇ ಟೇಪು ಇಟ್ಟುಕೊಳ್ಳಿ. ಅಳತೆ ಕೂಡಿಬಂದರೆ ಅರ್ಧ ಕೆಲಸ ಮುಗಿಯಿತು.

ಹೋಗುವ ಕಾಲ ರಾಗಿ ಕೊಯ್ಲು ಮುಗಿದ ಮೇಲೆ, ಡಿಸೆಂಬರ್ ಕೊನೆಯಿಂದ ಮಾರ್ಚ್‌ವರೆಗೆ. ಮಳೆಗಾಲದಲ್ಲಿ ಲಂಟಾನ ಪೊದೆ ಬೆಳೆದು ಕಲ್ಲು ಕಾಣುವುದಿಲ್ಲ, ಹಾವು ಚೇಳಿನ ಕಾಟ ಬೇರೆ. ಊರಿಗೆ ಹೋದಮೇಲೆ ಮೊದಲು ಟೀ ಅಂಗಡಿಯಲ್ಲೋ ಕಟ್ಟೆ ಮೇಲೋ ಕೂತಿರುವ ಹಿರಿಯರನ್ನು ಮಾತಾಡಿಸಿ. "ಅಜ್ಜ, ಇಲ್ಲಿ ಅಕ್ಷರ ಬರೆದಿರೋ ಕಲ್ಲು ಎಲ್ಲಾದ್ರೂ ಇದೆಯಾ?" ಅಂತ ಕೇಳಿದರೆ ಸಾಕು, ದನ ಕಾಯುವ ಹುಡುಗನನ್ನು ಜೊತೆಗೆ ಕಳಿಸಿಯಾರು. ಹೊಲದ ಯಜಮಾನರನ್ನು ಕೇಳದೆ ಬೇಲಿ ದಾಟಬೇಡಿ. ನಮ್ಮ ಕಡೆ ನಿಧಿ ಆಸೆಗೆ ರಾತ್ರಿ ಹೊತ್ತು ಕಲ್ಲಿನ ಬುಡ ಅಗೆಯುವ ಕಳ್ಳರ ಕಾಟ ಇದೆ, ಜನರಿಗೆ ಅನುಮಾನ ಬರುವುದು ಸಹಜ ಅಲ್ವಾ? ಪುಸ್ತಕದ ಪುಟ ತೋರಿಸಿ, ಅವರದೇ ಊರಿನ ಹೆಸರು ಅಚ್ಚಾಗಿರುವುದನ್ನು ಕಂಡರೆ ಮುಖ ಅರಳುತ್ತದೆ.

ಕಲ್ಲು ಸಿಕ್ಕಿತು ಅಂದುಕೊಳ್ಳಿ. ಮೊದಲು ಕೈ ಕಟ್ಟಿಕೊಂಡು ನೋಡಿ. ಮೂರು ಬಗೆ ಜಾಸ್ತಿ ಸಿಗುತ್ತವೆ. ಬರೀ ಬರಹ ತುಂಬಿ, ಮೇಲೆ ಸೂರ್ಯ ಚಂದ್ರ ಇದ್ದರೆ ಬಹುಪಾಲು ದಾನದ ಕಲ್ಲು, ಅವೆರಡೂ ಇರುವವರೆಗೆ ದಾನ ನಡೆಯಲಿ ಅಂತ. ಬಳೆ ತೊಟ್ಟ ಕೈಯೊಂದು ಮೇಲೆತ್ತಿದ್ದರೆ ಮಾಸ್ತಿಕಲ್ಲು, ಅಂದರೆ ಸತಿ ಹೋದವಳ ನೆನಪಿನದು. ಆಯುಧ ಹಿಡಿದವನು ಇದ್ದರೆ ವೀರಗಲ್ಲು, ಹೋರಾಡಿ ಸತ್ತವನ ನೆನಪಿನದು.

ವೀರಗಲ್ಲಿನ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಹೊಯ್ಸಳರ ಕಾಲದವು ಸಾಮಾನ್ಯವಾಗಿ ಮೂರು ಅಂತಸ್ತಿನವು: ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲೆ ಅವನು ಲಿಂಗದ ಮುಂದೆ ಕೂತಿರುವುದು. ನಮ್ಮ ಸೀಮೆಯ ಗಂಗ, ನೊಳಂಬರ ಕಾಲದ ಕಲ್ಲುಗಳು ಹಲವು ಹಾಗಲ್ಲ, ಒಂದೇ ಚೌಕಟ್ಟು, ಅದರ ತುಂಬ ಒಬ್ಬನೇ ದೊಡ್ಡ ಆಳು. ಒಂದು ಕೈಯಲ್ಲಿ ಬಿಲ್ಲು, ಇನ್ನೊಂದರಲ್ಲಿ ಕತ್ತಿ, ಸೊಂಟದಲ್ಲಿ ಬಾಕು, ತಲೆಗೂದಲು ಗಂಟು ಹಾಕಿರುತ್ತಾನೆ, ಕೆಲವು ಕಲ್ಲುಗಳಲ್ಲಿ ಮೈಗೆ ನೆಟ್ಟ ಬಾಣಗಳನ್ನು ಎಣಿಸಬಹುದು. ಕಾಲ ಬಳಿ ಅಥವಾ ಮೂಲೆಯಲ್ಲಿ ಪುಟ್ಟ ಪುಟ್ಟ ಹಸುಗಳಿದ್ದರೆ ಅದು ತುರುಗೋಳು, ಅಂದರೆ ಊರಿನ ದನ ಹೊಡೆದುಕೊಂಡು ಹೋಗುವವರ ಜೊತೆ ಕಾದಾಡಿ ಸತ್ತವನು. ಹುಲಿಯೋ ಹಂದಿಯೋ ಇದ್ದರೆ ಬೇಟೆಯಲ್ಲಿ ಸತ್ತವನು. ಬರಹ ಅವನ ತಲೆ ಮೇಲಿನ ಪಟ್ಟಿಯಲ್ಲಿ ಶುರುವಾಗಿ, ಜಾಗ ಸಾಲದೆ ಬದಿಗೆ, ಬಿಲ್ಲಿನ ಸಂದಿಗೆಲ್ಲ ಇಳಿದಿರುತ್ತದೆ. ಕೆಳಗಿನ ಸಾಲು ಮಣ್ಣಲ್ಲಿ ಹೂತಿದ್ದರೆ ಅಗೆಯಲು ಹೋಗಬೇಡಿ.

ಈಗ ಓದುವುದು. ಇಲ್ಲಿ ಬೆಳಕೇ ಎಲ್ಲ. ನಡುಮಧ್ಯಾಹ್ನ ನೆತ್ತಿ ಮೇಲೆ ಬಿಸಿಲು ಇದ್ದಾಗ ಅಕ್ಷರ ಕಾಣುವುದೇ ಇಲ್ಲ, ಕಲ್ಲು ಬೋಳಾಗಿದೆ ಅನ್ನಿಸುತ್ತದೆ. ಬೆಳಗ್ಗೆಯೋ ಸಂಜೆಯೋ ಬಿಸಿಲು ಕಲ್ಲನ್ನು ಬದಿಯಿಂದ ಸವರಿಕೊಂಡು ಹೋಗುವಾಗ ಪ್ರತಿ ಗೀರಿಗೂ ನೆರಳು ಬಿದ್ದು ಅಕ್ಷರ ಎದ್ದು ಕಾಣುತ್ತದೆ. ಕಲ್ಲು ಉತ್ತರಕ್ಕೆ ಮುಖ ಮಾಡಿದ್ದರೆ, ಗುಡಿಯ ಒಳಗಿದ್ದರೆ, ಕನ್ನಡಿಯಿಂದ ಬಿಸಿಲು ಹೊರಳಿಸಿ ಅಥವಾ ಟಾರ್ಚನ್ನು ಕಲ್ಲಿನ ಅಂಚಿಗೆ ಹಿಡಿದು ಬದಿಯಿಂದ ಬಿಡಿ. ಎದುರಿನಿಂದ ಬಿಟ್ಟರೆ ಪ್ರಯೋಜನ ಇಲ್ಲ. ಇನ್ನೊಂದು ಉಪಾಯ ನೀರು. ಮೆತ್ತನೆಯ ಬ್ರಷ್‌ನಿಂದ ಧೂಳು ತೆಗೆದು, ನೀರು ಚಿಮುಕಿಸಿ ಸುಮ್ಮನೆ ಕೂತುಕೊಳ್ಳಿ. ಮೇಲ್ಮೈ ಬೇಗ ಒಣಗುತ್ತದೆ, ಗೀರಿನ ಒಳಗಿನ ತೇವ ಒಂದೆರಡು ನಿಮಿಷ ಉಳಿಯುತ್ತದೆ, ಆಗ ಅಕ್ಷರಗಳು ಕಪ್ಪಗೆ ಕಾಣುತ್ತವೆ. ಆ ಹೊತ್ತಲ್ಲೇ ಫೋಟೊ ಹೊಡೆಯಿರಿ. ಸೀಮೆಸುಣ್ಣ ತುಂಬುವುದು, ತಂತಿ ಬ್ರಷ್, ಆಸಿಡ್, ಎಣ್ಣೆ, ಪೇಂಟು ಯಾವುದೂ ಬೇಡವೇ ಬೇಡ. ಪೂಜೆಯ ಕಲ್ಲಾದರೆ ಚಪ್ಪಲಿ ಬಿಟ್ಟು, ಅರಿಶಿನ ಕುಂಕುಮ ಅಳಿಸದೆ, ಕಂಡಷ್ಟನ್ನೇ ತೆಗೆದುಕೊಳ್ಳಿ.

ಫೋಟೊ ಮೂರು ಥರ ಬೇಕು. ದೂರದಿಂದ ಸುತ್ತಲಿನ ಜಾಗ ಸೇರಿಸಿ ಒಂದು, ಪೂರ್ತಿ ಕಲ್ಲು ಪಕ್ಕದಲ್ಲಿ ಟೇಪು ಹಿಡಿದು ಒಂದು, ಆಮೇಲೆ ಸಾಲು ಸಾಲಾಗಿ ಹತ್ತಿರದಿಂದ.

ಲಿಪಿ ಕಲಿಯುವುದಾದರೆ ತೀರಾ ಹಳೆಯ ಕಲ್ಲಿನಿಂದ ಶುರು ಮಾಡಬೇಡಿ ಅನ್ನುವುದು ನನ್ನ ಖಡಾಖಂಡಿತ ಅಭಿಪ್ರಾಯ. ವಿಜಯನಗರದ ಕಾಲದ ದಾನದ ಕಲ್ಲಿನಿಂದ ಶುರು ಮಾಡಿ, ಅಕ್ಷರ ಈಗಿನ ಕನ್ನಡಕ್ಕೆ ಹತ್ತಿರ ಇರುವುದರಿಂದ ಪುಸ್ತಕ ಪಕ್ಕದಲ್ಲಿ ಇಟ್ಟುಕೊಂಡರೆ ಒಂದೊಂದೇ ಅಕ್ಷರ ಸಿಗುತ್ತಾ ಹೋಗುತ್ತದೆ. ಆಮೇಲೆ ಹೊಯ್ಸಳ, ಆಮೇಲೆ ನೊಳಂಬ, ಗಂಗ. ಶುರುವಿನಲ್ಲಿ 'ಸ್ವಸ್ತಿ ಶ್ರೀ', ಕೊನೆಯಲ್ಲಿ 'ಮಂಗಳ ಮಹಾ ಶ್ರೀ' ಹುಡುಕಿ. ಇವೆರಡು ಸಿಕ್ಕರೆ ಆ ಕಲ್ಲಿನ ಸ, ವ, ಶ, ಮ, ಗ, ಳ, ಹ ನಿಮ್ಮ ಕೈಗೆ ಬಂದ ಹಾಗೆ, ಉಳಿದದ್ದನ್ನು ಅವುಗಳ ಆಸರೆಯಲ್ಲಿ ಬಿಡಿಸಬಹುದು. ಶಕ ವರ್ಷ ಕೊಟ್ಟಿದ್ದರೆ 78 ಕೂಡಿಸಿ, ಶಕ 900 ಅಂದರೆ ಕ್ರಿ.ಶ. 978, ಒಂದು ವರ್ಷ ಆಚೀಚೆ ಆಗಬಹುದು. ಹಳೆಯ ವೀರಗಲ್ಲುಗಳಲ್ಲಿ ಎಷ್ಟೋ ಸಲ ವರ್ಷವೇ ಇರುವುದಿಲ್ಲ, ರಾಜನ ಹೆಸರು ಮಾತ್ರ. ದಾನದ ಕಲ್ಲಿನ ಕೊನೆಯಲ್ಲಿ ಶಾಪ ಇರುತ್ತದೆ, ಕೊಟ್ಟ ಭೂಮಿ ಕಿತ್ತುಕೊಂಡವನು 60,000 ವರ್ಷ ಹೇಸಿಗೆಯಲ್ಲಿ ಹುಳುವಾಗಿ ಹುಟ್ಟುತ್ತಾನೆ ಅಂತ. ಒತ್ತುವರಿ ಆದ ಕೆರೆ ಅಂಗಳದಲ್ಲಿ ನಿಂತು ಇದನ್ನು ಓದುವ ಮಜಾನೇ ಬೇರೆ.

ಒಂದಕ್ಷರವೂ ತಿಳಿಯದಿದ್ದರೆ ಅದು ಕನ್ನಡವೇ ಅಲ್ಲದಿರಬಹುದು. 11ನೇ ಶತಮಾನದ ಶುರುವಿನಲ್ಲಿ ಚೋಳರು ಈ ಸೀಮೆ ಹಿಡಿದರು, ಕೋಲಾರಮ್ಮನ ಗುಡಿಯಲ್ಲೇ ತಮಿಳು ಶಾಸನಗಳಿವೆ. ಹೊಯ್ಸಳರು ಬಂದ ಮೇಲೂ ಕೋಲಾರ, ಮುಳಬಾಗಿಲು ಕಡೆ ತಮಿಳು ಬರಹ ನಿಲ್ಲಲಿಲ್ಲ. ಆಂಧ್ರದ ಗಡಿ ಕಡೆ ತೆಲುಗೂ ಸಿಗುತ್ತದೆ. ತಮಿಳು ಬಲ್ಲ ಗೆಳೆಯರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಕನ್ನಡದ ಅಕ್ಷರಗಳು ಶತಮಾನಕ್ಕೆ ತಕ್ಕಂತೆ ಹೇಗೆ ಬದಲಾದವು ಅಂತ ನೋಡಲು ಬೆಂಗಳೂರಿನ ಮಿಥಿಕ್ ಸೊಸೈಟಿಯ 'ಅಕ್ಷರ ಭಂಡಾರ' ಅನ್ನುವ ಡಿಜಿಟಲ್ ಸಂಗ್ರಹ ಇದೆ.

ಕೊನೆಗೆ ದಾಖಲೆ. ಕಲ್ಲಿನ ಪಕ್ಕ ನಿಂತು 'ದಿಶಾಂಕ್' ಆ್ಯಪ್ ತೆರೆದರೆ ಸರ್ವೆ ನಂಬರ್ ಬರುತ್ತದೆ, ಅದನ್ನು, ಅಳತೆಯನ್ನು, ಪುಸ್ತಕದ ನಂಬರನ್ನು, ತಾರೀಖನ್ನು ಒಂದೇ ಕಡೆ ಬರೆದಿಡಿ. ಒಂಟಿಯಾಗಿ ಹೊಲದಲ್ಲಿ ನಿಂತ ಕಲ್ಲಿನ ಲೊಕೇಶನ್ ಅನ್ನು ಮಾತ್ರ ಫೇಸ್‌ಬುಕ್‌ಗೆ ಹಾಕಬೇಡಿ, ಲೈಕ್ ಒತ್ತುವವರಲ್ಲಿ ಹಾರೆ ಹಿಡಿದವರೂ ಇರುತ್ತಾರೆ. ಊರಿನ ಹೆಸರು ಸಾಕು. ಪುಸ್ತಕದಲ್ಲಿ ಇಲ್ಲದ ಕಲ್ಲು ಸಿಕ್ಕರೆ ಫೋಟೊ ಸಮೇತ ರಾಜ್ಯ ಪುರಾತತ್ವ ಇಲಾಖೆಗೆ ಅಥವಾ ಮೈಸೂರಿನಲ್ಲಿರುವ ಕೇಂದ್ರದ ಶಾಸನ ವಿಭಾಗಕ್ಕೆ ಬರೆಯಿರಿ. ರಸ್ತೆ ಅಗಲ ಮಾಡಲು ಜೆಸಿಬಿ ಬಂದು ನಿಂತಿದ್ದರೆ ಕಾಗದಕ್ಕೆ ಕಾಯಬೇಡಿ, ನೇರ ತಹಶೀಲ್ದಾರರಿಗೆ ಫೋನ್ ಮಾಡಿ, ಊರಿನ ನಾಲ್ಕು ಜನರನ್ನು ಸೇರಿಸಿ ಕಲ್ಲನ್ನು ಪಂಚಾಯ್ತಿ ಆಫೀಸಿನ ಮುಂದೆಯೋ ಶಾಲೆ ಅಂಗಳದಲ್ಲೋ ಇಡಿಸಿ. ಎತ್ತುವ ಮುಂಚೆ ಅದು ನಿಂತ ಜಾಗದ ಫೋಟೊ ಮರೆಯಬೇಡಿ.