ಬೇಸ್ ಮಾಡೆಲ್ ತಗೊಂಡು ಆಫ್‌ರೋಡ್‌ಗೆ ಸಿದ್ಧ ಮಾಡುವುದು ಹೇಗೆ?

ಆಫ್‌ರೋಡ್ ಗಾಡಿ ಕೊಳ್ಳಲು ಹೋದವರು ಶೋರೂಮಿನಲ್ಲಿ ದೊಡ್ಡ ಸ್ಕ್ರೀನಿನ ಮುಂದೆ ಕೂತು ಬಿಡುತ್ತಾರೆ. ಬಗ್ಗಿ ಗಾಡಿಯ ಅಡಿ ನೋಡುವವರು ಕಡಿಮೆ. ಮಳೆಗಾಲದಲ್ಲಿ ಸಕಲೇಶಪುರದ ತೋಟದ ದಾರಿಗಳಿಗೆ ಹೋಗಿ ನೋಡಿ. ರಾಡಿಯಲ್ಲಿ ಹೂತು ಹಗ್ಗಕ್ಕಾಗಿ ಕಾಯುವ ಗಾಡಿಗಳಲ್ಲಿ ಟಾಪ್ ಎಂಡ್‌ಗಳಿಗೆ ಕೊರತೆ ಇರುವುದಿಲ್ಲ. ಒಳಗೆ ಎಲ್ಲ ಸೌಲಭ್ಯ ಇರುತ್ತದೆ, ಕೆಳಗೆ ಹೆದ್ದಾರಿ ಟೈರು, ಅದರಲ್ಲಿ ಪೂರ್ತಿ ಗಾಳಿ. ಅದೇ ಕಟ್ಟಿನಹೊಳೆಯಿಂದ ಕೊಡಚಾದ್ರಿಗೆ, ಮಡಿಕೇರಿ ಕಡೆಯಿಂದ ಮಾಂದಲಪಟ್ಟಿಗೆ ಜನರನ್ನು ತುಂಬಿಕೊಂಡು ಹತ್ತುವ ಹಳೆಯ ಜೀಪುಗಳಲ್ಲಿ ಸ್ಕ್ರೀನೂ ಇಲ್ಲ, ಅಲಾಯ್ ವೀಲೂ ಇಲ್ಲ. ಅವುಗಳನ್ನು ಮೇಲೆ ಹತ್ತಿಸುವುದು ಫೋರ್ ಬೈ ಫೋರ್ (ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ), ಲೋ ಗೇರು, ಒಳ್ಳೆಯ ಟೈರು ಮತ್ತು ದಾರಿ ಗೊತ್ತಿರುವ ಡ್ರೈವರ್.

ಹಾಗಾಗಿ ನನ್ನ ಸಲಹೆ ನೇರವಾಗಿದೆ. ಆಮೇಲೆ ಹಾಕಿಸಲು ಆಗದ್ದನ್ನು ಕಂಪನಿಯಿಂದಲೇ ತಗೊಳ್ಳಿ. ಹಾಕಿಸಲು ಆಗುವುದಕ್ಕೆ ಟಾಪ್ ಎಂಡ್ ಬೆಲೆ ಕೊಡಬೇಡಿ.

ಇದನ್ನು ವಿವರಿಸಲು ಮಾರುತಿ ಜಿಮ್ನಿಗಿಂತ ಒಳ್ಳೆಯ ಉದಾಹರಣೆ ಇಲ್ಲ. 2023ರ ಜೂನ್‌ನಲ್ಲಿ ಅದು ಬಂದಾಗ ಬೇಸ್ ಮಾಡೆಲ್ ಝೀಟಾ ಮ್ಯಾನುವಲ್ 12.74 ಲಕ್ಷ, ಟಾಪ್ ಎಂಡ್ ಆಲ್ಫಾ ಮ್ಯಾನುವಲ್ 13.69 ಲಕ್ಷ ಎಕ್ಸ್ ಶೋರೂಂ. ವ್ಯತ್ಯಾಸ 95 ಸಾವಿರ. ನಮ್ಮ ರಾಜ್ಯದಲ್ಲಿ 10ರಿಂದ 20 ಲಕ್ಷದೊಳಗಿನ ಪೆಟ್ರೋಲ್ ಕಾರಿಗೆ ಜೀವಾವಧಿ ತೆರಿಗೆ 17%. ಅಂದರೆ ಆ 95 ಸಾವಿರದ ಮೇಲೆ ಇನ್ನೂ 16 ಸಾವಿರ ತೆರಿಗೆ ಬೀಳುತ್ತದೆ. ಅದರ ಮೇಲೆ ಸೆಸ್ಸು, ಜಾಸ್ತಿ ವಿಮೆ. ಕೊನೆಗೆ ಒಂದು ಲಕ್ಷ ದಾಟಿಯೇ ದಾಟುತ್ತದೆ. ಬೆಲೆ ಆಮೇಲೆ ಬದಲಾಗಿರಬಹುದು, ಲೆಕ್ಕ ಹಾಕುವ ರೀತಿ ಇದೇ.

ಹಂತ 1: ಆಮೇಲೆ ಸಿಗದ್ದನ್ನು ಮೊದಲೇ ನೋಡಿ

ಫೋರ್ ಬೈ ಫೋರ್, ಲೋ ರೇಂಜ್ ಇರುವ ಟ್ರಾನ್ಸ್‌ಫರ್ ಕೇಸ್ (ಬಲವನ್ನು ಎರಡೂ ಆಕ್ಸಲ್‌ಗೆ ಹಂಚುವ ಗೇರ್ ಪೆಟ್ಟಿಗೆ), ಏರ್‌ಬ್ಯಾಗ್, ಇಎಸ್‌ಪಿ (ಗಾಡಿ ಜಾರದಂತೆ ತಡೆಯುವ ವ್ಯವಸ್ಥೆ). ಈ ನಾಲ್ಕನ್ನು ಯಾವ ಗ್ಯಾರೇಜಿನವರೂ ಸರಿಯಾಗಿ ಆಮೇಲೆ ಕೂರಿಸಲಾರರು. "ಮಾಡಿಕೊಡ್ತೀವಿ ಸಾರ್" ಅಂದರೂ ನಂಬಬೇಡಿ. ಜಿಮ್ನಿಯಲ್ಲಿ ಇವೆಲ್ಲ ಝೀಟಾದಲ್ಲೇ ಇವೆ. ಆರು ಏರ್‌ಬ್ಯಾಗ್, ಇಳಿಜಾರಿನಲ್ಲಿ ವೇಗ ಹಿಡಿದಿಡುವ ಹಿಲ್ ಡಿಸೆಂಟ್ ಕಂಟ್ರೋಲ್, ಸುಮ್ಮನೆ ತಿರುಗುವ ಚಕ್ರವನ್ನು ಬ್ರೇಕ್ ಹಿಡಿದು ನಿಲ್ಲಿಸುವ ವ್ಯವಸ್ಥೆ, ಹಿಂದೆ ಮುಂದೆ ಗಟ್ಟಿ ಆಕ್ಸಲ್, 1.5 ಲೀಟರ್ ಎಂಜಿನ್, ಎಲ್ಲವೂ ಎರಡರಲ್ಲೂ ಒಂದೇ.

ಎಲ್ಲ ಗಾಡಿಗಳೂ ಹೀಗಿಲ್ಲ. ಮಹೀಂದ್ರ ಥಾರ್‌ನಲ್ಲಿ 2023ರ ಜನವರಿಯಿಂದ ಬರೀ ಹಿಂದಿನ ಚಕ್ರ ತಿರುಗುವ ಮಾದರಿಯೂ ಇದೆ. ನೋಡಲು ಎರಡೂ ಒಂದೇ ಥರ, ಬೆಲೆ ಕಡಿಮೆ, ಜನ ಮೋಸ ಹೋಗುವುದು ಇಲ್ಲೇ. ಥಾರ್ ರಾಕ್ಸ್‌ನ ತೀರಾ ಬೇಸ್ ಮಾಡೆಲ್‌ನಲ್ಲಿ ಫೋರ್ ಬೈ ಫೋರ್ ಸಿಗುವುದೇ ಇಲ್ಲ. ಪೆಟ್ರೋಲ್ ರಾಕ್ಸ್‌ನ ಯಾವುದರಲ್ಲೂ ಇಲ್ಲ. ಅಲ್ಲಿ ಬೇಸ್ ತಗೊಂಡು ಆಮೇಲೆ ಮೇಲಕ್ಕೇರಿಸುವ ಯೋಚನೆ ಬಿಡಿ. ಫೋರ್ ಬೈ ಫೋರ್ ಶುರುವಾಗುವ ಮಾಡೆಲ್ಲೇ ನಿಮ್ಮ ಬೇಸ್ ಅಂದುಕೊಳ್ಳಿ.

ಹಂತ 2: ಟಾಪ್ ಎಂಡ್ ಯಾರಿಗೆ ಬೇಕು?

ರಾತ್ರಿ ಹೊತ್ತು ಶಿರಾಡಿ, ಚಾರ್ಮಾಡಿ ಘಾಟಿಯಲ್ಲಿ ವಾರ ವಾರ ಓಡಾಡುವವರಿಗೆ. ಆಲ್ಫಾದಲ್ಲಿ ಎಲ್ಇಡಿ ಹೆಡ್‌ಲೈಟ್ ಇದೆ, ಅದನ್ನು ತೊಳೆಯುವ ವಾಷರ್ ಕೂಡ ಇದೆ. ಕೆಸರಿನ ಗಾಡಿಗೆ ಅದು ನಿಜವಾಗಿ ಉಪಯೋಗದ್ದು. ಝೀಟಾದ ಹ್ಯಾಲೊಜೆನ್ ದೀಪವನ್ನು ಆ ಮಟ್ಟಕ್ಕೆ ತರುವುದು ಕಷ್ಟ. ಬೆಂಗಳೂರಿನಿಂದ ಊರಿಗೆ ಹೆದ್ದಾರಿಯಲ್ಲೇ ಹೆಚ್ಚು ಓಡಿಸುವವರಿಗೆ ಕ್ರೂಸ್ ಕಂಟ್ರೋಲ್ ಕೂಡ ಬೇಕೆನಿಸಬಹುದು. ಈ ಎರಡು ಕಾರಣಕ್ಕೆ ಆಲ್ಫಾ ತಗೊಳ್ಳಿ, ತಪ್ಪಿಲ್ಲ. ಒಂಬತ್ತು ಇಂಚಿನ ಸ್ಕ್ರೀನಿಗಾಗಿ, ಬಟನ್ ಸ್ಟಾರ್ಟ್‌ಗಾಗಿ ತಗೊಳ್ಳಬೇಡಿ. ಅಲಾಯ್ ವೀಲಿಗಾಗಿ ಅಂತೂ ಬೇಡವೇ ಬೇಡ. ಝೀಟಾದ ಸ್ಟೀಲ್ ರಿಮ್ ಕಲ್ಲಿಗೆ ಬಡಿದರೆ ಬಗ್ಗುತ್ತದೆ. ಹಳ್ಳಿಯ ಪಂಕ್ಚರ್ ಅಂಗಡಿಯಲ್ಲೂ ಬಡಿದು ನೆಟ್ಟಗೆ ಮಾಡಿ ಮನೆ ಸೇರಬಹುದು. ಅಲಾಯ್ ಸೀಳಿದರೆ ಅಲ್ಲಿಗೆ ಮುಗಿಯಿತು.

ಹಂತ 3: ಟೈರು

ಜನ ಅತಿ ಹೆಚ್ಚು ಕೆಡಿಸುವುದು ಈ ಹಂತವನ್ನೇ. ಆದ್ದರಿಂದ ಇಲ್ಲಿ ನಿಧಾನವಾಗಿ ಓದಿ.

ಜಿಮ್ನಿಗೆ ಕಂಪನಿ ಕೊಡುವ ಅಳತೆ 195/80 ಆರ್15. ಟೈರಿನ ಒಟ್ಟು ಎತ್ತರ ಸುಮಾರು 693 ಮಿ.ಮೀ. ಅಂಗಡಿಗೆ ಹೋದರೆ ಮೊದಲು ತೋರಿಸುವುದು 235/75 ಆರ್15. ಗಾಡಿ ದಪ್ಪ ಕಾಣುತ್ತದೆ, ಫೋಟೊ ಚೆನ್ನಾಗಿ ಬರುತ್ತದೆ. ಅದರ ಎತ್ತರ 733 ಮಿ.ಮೀ. 40 ಮಿ.ಮೀ. ಜಾಸ್ತಿ. ಅದರಲ್ಲಿ ಅರ್ಧ, ಅಂದರೆ 20 ಮಿ.ಮೀ. ಮಾತ್ರ ಗಾಡಿಯನ್ನು ನೆಲದಿಂದ ಮೇಲೆತ್ತುತ್ತದೆ. ಅದಕ್ಕೆ ನೀವು ಕೊಡುವ ಬೆಲೆ ನೋಡಿ. ಈ ಎಂಜಿನ್ನಿನ ಟಾರ್ಕ್ 134 ನ್ಯೂಟನ್ ಮೀಟರ್ ಅಷ್ಟೇ. ಚಕ್ರ ಸುಮಾರು 6% ದೊಡ್ಡದಾದರೆ ಪ್ರತಿ ಗೇರೂ ಅಷ್ಟೇ ಭಾರವಾಗುತ್ತದೆ. ಏರಿನಲ್ಲಿ ಎರಡನೇ ಗೇರಿನಲ್ಲಿ ಹತ್ತುತ್ತಿದ್ದ ಗಾಡಿ ಒಂದಕ್ಕೆ ಇಳಿಯುತ್ತದೆ. ನಾಲ್ಕೇ ಗೇರಿನ ಆಟೊಮ್ಯಾಟಿಕ್‌ನಲ್ಲಿ ಇನ್ನೂ ಕಷ್ಟ. ಸ್ಪೀಡೊಮೀಟರ್ ತೋರಿಸುವುದಕ್ಕಿಂತ ಗಾಡಿ ವೇಗವಾಗಿ ಓಡುತ್ತಿರುತ್ತದೆ. ಜೊತೆಗೆ ಆ ಟೈರಿಗೆ ಕನಿಷ್ಠ 6 ಇಂಚು ಅಗಲದ ರಿಮ್ ಬೇಕು. ಜಿಮ್ನಿಯದ್ದು 5.5 ಇಂಚು. ಕೂರಿಸುತ್ತಾರೆ, ಆದರೆ ಕೂರಬಾರದ್ದು ಕೂತಿರುತ್ತದೆ.

ಹಾಗಾದರೆ ಏನು ಹಾಕಬೇಕು? ಅದೇ 195/80 ಆರ್15 ಅಳತೆಯಲ್ಲಿ ಆಲ್ ಟೆರೇನ್ ಟೈರು, ಅಂದರೆ ಟಾರಿಗೂ ಮಣ್ಣಿಗೂ ಆಗುವಂಥದ್ದು. ಅಂಗಡಿಯವರು "ಬರಲ್ಲ" ಅಂದರೆ ಇನ್ನೊಂದು ಅಂಗಡಿಗೆ ಹೋಗಿ, ಆರ್ಡರ್ ಕೊಟ್ಟು ತರಿಸಿ. ಹತ್ತು ದಿನ ಕಾಯುವುದು ದೊಡ್ಡದಲ್ಲ. ಅಳತೆ ಅದೇ ಇದ್ದರೆ ಕಾನೂನಿನ ತಕರಾರಿಲ್ಲ, ವಾರಂಟಿಯ ತಕರಾರಿಲ್ಲ, ಗೇರಿಂಗ್ ಕೆಡುವುದಿಲ್ಲ. ತೆಳ್ಳಗಿನ ಟೈರು ಮೇಲಿನ ರಾಡಿಯನ್ನು ಸೀಳಿಕೊಂಡು ಕೆಳಗಿನ ಗಟ್ಟಿ ನೆಲ ಹಿಡಿಯುತ್ತದೆ. ಮಲೆನಾಡಿನ ಕೆಂಪು ಮಣ್ಣಿನ ದಾರಿಗೆ ಅದೇ ಬೇಕಾಗಿರುವುದು. ದಪ್ಪ ಹಲ್ಲಿನ ಮಡ್ ಟೆರೇನ್ ಟೈರು ಬೇಡ. ನೀವು ಓಡಿಸುವ ದಾರಿಯಲ್ಲಿ ಹೆಚ್ಚಿನದ್ದು ಟಾರು ರಸ್ತೆ. ಮಳೆಯಲ್ಲಿ ನೆನೆದ ಟಾರಿನ ಮೇಲೆ ಮಡ್ ಟೈರಿನ ಬ್ರೇಕ್ ಹಿಡಿತ ಕಡಿಮೆ, ಸದ್ದೂ ಜಾಸ್ತಿ.

ಕೊಳ್ಳುವಾಗ ಟೈರಿನ ಪಕ್ಕದಲ್ಲಿ ಎರಡು ಗುರುತು ಓದಿ. ಒಂದು, ಅಳತೆ ಬರೆದ ನಂತರ ಬರುವ ಸಂಖ್ಯೆ. ಜಿಮ್ನಿಗೆ 96 ಇರಬೇಕು, ಅಂದರೆ ಒಂದು ಟೈರು 710 ಕೆ.ಜಿ. ಹೊರುತ್ತದೆ. ಜಾಸ್ತಿ ಇದ್ದರೆ ಸರಿ, ಕಡಿಮೆ ಇರಬಾರದು. ಇನ್ನೊಂದು, ತಯಾರಾದ ವಾರ. 2325 ಎಂದಿದ್ದರೆ 2025ನೇ ವರ್ಷದ 23ನೇ ವಾರ. ಎರಡು ವರ್ಷ ಗೋದಾಮಿನಲ್ಲಿದ್ದ ಟೈರನ್ನು ಹೊಸದರ ಬೆಲೆಗೆ ಕೊಡಲು ನೋಡುತ್ತಾರೆ. ತಗೊಳ್ಳಬೇಡಿ. ರಿಟ್ರೆಡ್ ಮಾಡಿದ, ಅಂದರೆ ಸವೆದ ಟೈರಿಗೆ ಹೊಸ ಪದರ ಅಂಟಿಸಿದ 'ಆಫ್‌ರೋಡ್ ಪ್ಯಾಟರ್ನ್' ಟೈರುಗಳೂ ಸಿಗುತ್ತವೆ. ಗಾಳಿ ಇಳಿಸಿ ಓಡಿಸಿದಾಗ ಅಂಟಿಸಿದ ಪದರ ಕಿತ್ತು ಬರುವುದನ್ನು ನೋಡಿದ್ದೇನೆ. ಆ ದುಡ್ಡು ಹಾಳು.

ಇನ್ನೊಂದು ದೊಡ್ಡ ವಿಷಯ. ನಾಲ್ಕಲ್ಲ, ಐದು ಟೈರು ಕೊಳ್ಳಿ. ಜಿಮ್ನಿಯಲ್ಲಿ 4ಎಚ್ (ಮಾಮೂಲಿ ಗೇರಿನ ಫೋರ್ ಬೈ ಫೋರ್) ಹಾಕಿದಾಗ ಮುಂದಿನ, ಹಿಂದಿನ ಆಕ್ಸಲ್‌ಗಳು ಒಂದಕ್ಕೊಂದು ಬೀಗ ಹಾಕಿದಂತೆ ಒಂದೇ ವೇಗದಲ್ಲಿ ತಿರುಗುತ್ತವೆ. ಒಂದು ಚಕ್ರದ ಸುತ್ತಳತೆ ಬೇರೆಯಾದರೆ ಆ ವ್ಯತ್ಯಾಸದ ಬಿಗಿ ಪೂರ್ತಿ ಟ್ರಾನ್ಸ್‌ಫರ್ ಕೇಸಿನ ಮೇಲೆ ಬೀಳುತ್ತದೆ. ಕಾಡಿನ ಅಂಚಿನಲ್ಲಿ ಪಂಕ್ಚರಾಗಿ ಹಳೆಯ ಸ್ಟೆಪ್ನಿ ಹಾಕಿ, 4ಎಚ್‌ನಲ್ಲೇ ಟಾರು ರಸ್ತೆಯವರೆಗೆ ಬಂದು ಗೇರ್ ಕೆಡಿಸಿಕೊಂಡವರಿದ್ದಾರೆ. ಇದೇ ಕಾರಣಕ್ಕೆ ಒಣ ಟಾರು ರಸ್ತೆಯಲ್ಲಿ 4ಎಚ್ ಹಾಕಲೇಬಾರದು. ಐದನ್ನೂ ಸರದಿಯಂತೆ ಬದಲಿಸುತ್ತಿರಿ, ಎಲ್ಲವೂ ಒಟ್ಟಿಗೆ ಸವೆಯುತ್ತವೆ.

ಯಾರೇನೇ ಹೇಳಿದರೂ ದೊಡ್ಡ ಟೈರೇ ಬೇಕು ಅನ್ನುವವರಿಗೆ 215/75 ಆರ್15 ಕೊನೆಯ ಗಡಿ. ಎತ್ತರ 703 ಮಿ.ಮೀ., ಬರೀ 1.5% ಹೆಚ್ಚು, 5.5 ಇಂಚಿನ ರಿಮ್ಮಿಗೂ ಹೊಂದುತ್ತದೆ. ಹಾಕಿಸಿದ ಮೇಲೆ ಉಜ್ಜುತ್ತದೆಯೇ ನೋಡಬೇಕು. ಅದಕ್ಕೆ ಸುಲಭ ದಾರಿ: ಮುಂದಿನ ಟೈರಿನ ಅಂಚಿಗೆ ಸೀಮೆಸುಣ್ಣ ಬಳಿಯಿರಿ. ಒಂದು ಚಕ್ರವನ್ನು ಕಲ್ಲಿನ ಮೇಲೆ ಹತ್ತಿಸಿ, ಸ್ಟೇರಿಂಗ್ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ ಸ್ವಲ್ಪ ಮುಂದೆ ಹಿಂದೆ ಸರಿಸಿ. ಒಳಗಿನ ಪ್ಲಾಸ್ಟಿಕ್ಕಿಗೆ ಬಿಳಿ ಗುರುತು ಬಿದ್ದರೆ ಉಜ್ಜುತ್ತಿದೆ ಎಂದರ್ಥ. ಸಮತಟ್ಟು ಅಂಗಳದಲ್ಲಿ ನಿಲ್ಲಿಸಿ ನೋಡಿದರೆ ಇದು ಗೊತ್ತಾಗುವುದಿಲ್ಲ. ಉಜ್ಜಿತು ಅಂತ ಚಕ್ರವನ್ನು ಹೊರಕ್ಕೆ ತಳ್ಳುವ ವೀಲ್ ಸ್ಪೇಸರ್ ಹಾಕಿಸಬೇಡಿ. ಬೇರಿಂಗಿಗೆ ಬೀಳುವ ಹೊರೆ ಹೆಚ್ಚುತ್ತದೆ.

ಹಂತ 4: ಗಾಳಿ

ಮಣ್ಣಿಗೆ ಇಳಿಯುವ ಮೊದಲು 18 ಪಿಎಸ್‌ಐವರೆಗೆ ಇಳಿಸಿ. ಟೈರು ಅಗಲವಾಗಿ ನೆಲಕ್ಕೆ ಒರಗುತ್ತದೆ, ಹಿಡಿತ ಒಮ್ಮೆಲೇ ಹೆಚ್ಚುತ್ತದೆ. ಖರ್ಚಿಲ್ಲದ ಅಪ್‌ಗ್ರೇಡ್ ಇದೊಂದೇ, ಆದರೂ ಹೆಚ್ಚಿನವರು ಮಾಡುವುದಿಲ್ಲ. ಟಾರು ರಸ್ತೆಗೆ ಬಂದ ಕೂಡಲೇ ಬಾಗಿಲಿನ ಬಳಿಯ ಸ್ಟಿಕ್ಕರಿನಲ್ಲಿರುವಷ್ಟು ಮತ್ತೆ ತುಂಬಿ. ಕಂಪ್ರೆಸರನ್ನು ನೇರ ಬ್ಯಾಟರಿಗೆ ಕ್ಲಿಪ್ ಹಾಕುವಂಥದ್ದೇ ತಗೊಳ್ಳಿ. ಸಿಗರೇಟ್ ಲೈಟರ್ ಸಾಕೆಟ್ಟಿಗೆ ಚುಚ್ಚುವ ಅಗ್ಗದ ಕಂಪ್ರೆಸರ್ ಎರಡನೇ ಟೈರಿಗೇ ಬಿಸಿಯಾಗಿ ನಿಲ್ಲುತ್ತದೆ.

ಹಂತ 5: ಎಳೆಯುವ ಸಾಮಾನು

ಕೈನೆಟಿಕ್ ಹಗ್ಗ (ಹಿಗ್ಗಿ ಎಳೆಯುವ ಹಗ್ಗ) ಒಂದು, ಶ್ಯಾಕಲ್ (ಹಗ್ಗವನ್ನು ಗಾಡಿಗೆ ಸೇರಿಸುವ ಉಕ್ಕಿನ ಕೊಂಡಿ) ಎರಡು. ಶ್ಯಾಕಲ್ ಮೇಲೆ 3.25 ಅಥವಾ 4.75 ಟನ್ ಎಂದು ಅಚ್ಚು ಹೊಡೆದಿರಬೇಕು. ಕೆಂಪು ಬಣ್ಣ ಬಳಿದ, ಏನೂ ಬರೆಯದ ಶ್ಯಾಕಲ್ ಅಲಂಕಾರಕ್ಕೆ ಮಾತ್ರ. ಎಳೆಯುವಾಗ ಅದು ಸಿಡಿದರೆ ಗುಂಡಿನಂತೆ ಹಾರುತ್ತದೆ. ಗಾಡಿಯ ಚಾಸಿಗೆ ಸೇರಿದ ಕೊಕ್ಕೆಗೇ ಕಟ್ಟಿ, ಬಂಪರಿಗಲ್ಲ, ಟೋ ಬಾಲಿಗಂತೂ ಅಲ್ಲವೇ ಅಲ್ಲ. ಹಗ್ಗದ ಮಧ್ಯೆ ಒದ್ದೆ ಗೋಣಿಚೀಲ ಹಾಕಿ, ನೋಡಲು ನಿಂತವರನ್ನು ದೂರ ಕಳಿಸಿ.

ಹೂತಾಗ ಇನ್ನೊಂದು ವಿಷಯ ನೆನಪಿರಲಿ. ಒಂದು ಚಕ್ರ ಸುಮ್ನೆ ತಿರುಗತೊಡಗಿದರೆ ಜನ ತಕ್ಷಣ ಆಕ್ಸಿಲರೇಟರ್ ಬಿಡುತ್ತಾರೆ. 4ಎಲ್‌ನಲ್ಲಿ (ಲೋ ಗೇರಿನ ಫೋರ್ ಬೈ ಫೋರ್) ಹದವಾಗಿ ಒತ್ತಿ ಹಿಡಿಯಿರಿ. ಆಗಲೇ ಬ್ರೇಕ್ ಆ ಚಕ್ರವನ್ನು ಹಿಡಿದು ಬಲವನ್ನು ಆಚೆಯದಕ್ಕೆ ಕಳಿಸುತ್ತದೆ. ಬಿಟ್ಟರೆ ಆ ವ್ಯವಸ್ಥೆ ಕೆಲಸವೇ ಮಾಡುವುದಿಲ್ಲ.

ಹಂತ 6: ದೀಪ

ಹ್ಯಾಲೊಜೆನ್ ಡೂಮಿಗೆ ಎಲ್ಇಡಿ ಬಲ್ಬ್ ತುರುಕಬೇಡಿ. ಬೆಳಕು ಚೆಲ್ಲಾಪಿಲ್ಲಿಯಾಗಿ ಎದುರಿನವರ ಕಣ್ಣಿಗೆ ಬೀಳುತ್ತದೆ, ನಿಮ್ಮ ರಸ್ತೆಗೆ ಬೀಳುವುದಿಲ್ಲ. ಘಾಟಿಯ ಮಂಜಿನಲ್ಲಿ ಇದು ಜೀವದ ಪ್ರಶ್ನೆ. ಹೆಚ್ಚು ವ್ಯಾಟ್‌ನ ಬಲ್ಬೂ ಬೇಡ, ವೈರು ಕರಗುತ್ತದೆ. ಅದೇ ವ್ಯಾಟಿನ ಒಳ್ಳೆಯ ಬಲ್ಬ್ ಹಾಕಿ, ಹೆಡ್‌ಲೈಟಿನ ಕೋನ ಸರಿ ಮಾಡಿಸಿ, ಗಾಜು ಒರೆಸಿ. ವೈರು ಕತ್ತರಿಸಿ ಜೋಡಿಸುವ ಯಾವ ಕೆಲಸಕ್ಕೂ ಒಪ್ಪಬೇಡಿ. ವೈರು ಕತ್ತರಿಸದೆ ಚುಚ್ಚಿ ಜೋಡಿಸುವ, ರಿಲೇ, ಫ್ಯೂಸ್ ಇರುವ ಕಪ್ಲರ್ ಕಿಟ್ ಸಿಗುತ್ತದೆ.

ಹಂತ 7: ಸೀಟ್ ಕವರ್, ರಬ್ಬರ್ ಮ್ಯಾಟ್, ಮೊಬೈಲ್ ಸ್ಟ್ಯಾಂಡ್ ನಿಮ್ಮಿಷ್ಟ.

ಇಷ್ಟು ಮಾಡಿದರೂ ಉಳಿಸಿದ ಲಕ್ಷದಲ್ಲಿ ದುಡ್ಡು ಮಿಗುತ್ತದೆ. ಆಗ ಗ್ಯಾರೇಜಿನವರು ಲಿಫ್ಟ್ ಕಿಟ್ ಮಾತು ತೆಗೆಯುತ್ತಾರೆ. ಬೇಡ ಅನ್ನಿ. ಎರಡು ಇಂಚು ಲಿಫ್ಟ್ ಮಾಡಿದರೆ ಬಾಡಿ ಮೇಲೇಳುತ್ತದೆ, ಆಕ್ಸಲ್‌ನಲ್ಲಿರುವ ಡಿಫರೆನ್ಶಿಯಲ್ (ಗೇರುಗಳಿರುವ ಉಂಡೆ) ಇದ್ದಲ್ಲೇ ಇರುತ್ತದೆ. ದಾರಿ ಮಧ್ಯದ ಕಲ್ಲು ಮೊದಲು ತಾಗುವುದೇ ಆ ಉಂಡೆಗೆ. ಗಟ್ಟಿ ಆಕ್ಸಲ್ ಇರುವ ಗಾಡಿಯನ್ನು ಎತ್ತಿದಾಗ ಪ್ಯಾನ್ಹಾರ್ಡ್ ರಾಡ್ (ಆಕ್ಸಲನ್ನು ಚಾಸಿಗೆ ಅಡ್ಡಲಾಗಿ ಹಿಡಿಯುವ ಸರಳು) ಆಕ್ಸಲನ್ನು ಒಂದು ಬದಿಗೆ ಎಳೆಯುತ್ತದೆ. ಕ್ಯಾಸ್ಟರ್ ಕೋನ (ಮುಂದಿನ ಚಕ್ರ ತಿರುಗುವ ಅಕ್ಷದ ಓರೆ) ಕಡಿಮೆಯಾಗಿ ಸ್ಟೇರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ, ವೇಗದಲ್ಲಿ ನಡುಗುತ್ತದೆ. ಅದನ್ನು ಸರಿಪಡಿಸಲು ಬೇರೆ ಬುಷ್, ಬೇರೆ ರಾಡ್, ಉದ್ದದ ಬ್ರೇಕ್ ಹೋಸು ಬೇಕು. ಒಂದಕ್ಕೆ ಕೈ ಹಾಕಿದರೆ ಐದು ಬಿಲ್ಲು ಬರುತ್ತವೆ. ಜಿಮ್ನಿಯ 210 ಮಿ.ಮೀ. ಗ್ರೌಂಡ್ ಕ್ಲಿಯರೆನ್ಸ್ ನಮ್ಮ ತೋಟದ ದಾರಿಗಳಿಗೆ ಸಾಕು. ಆ ದುಡ್ಡಿನಲ್ಲಿ ಡಿಫರೆನ್ಶಿಯಲ್ ಅಡಿಗೆ ಸ್ಟೀಲ್ ಗಾರ್ಡ್ ಹಾಕಿಸಿ.

ಬಂಪರಿನ ಮುಂದೆ ಹಾಕುವ ಲೋಹದ ಬುಲ್ ಬಾರ್ ಕೂಡ ಬೇಡ. 2017ರ ಡಿಸೆಂಬರ್‌ನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಅದರ ಮೇಲೆ ಕ್ರಮ ಕೈಗೊಳ್ಳಿ ಎಂದು ರಾಜ್ಯಗಳಿಗೆ ತಿಳಿಸಿದೆ. ಡಿಕ್ಕಿಯ ಹೊತ್ತಿನಲ್ಲಿ ಅದು ಏರ್‌ಬ್ಯಾಗಿನ ಸೆನ್ಸರಿನ ಲೆಕ್ಕವನ್ನೇ ಕೆಡಿಸಬಹುದು. ಗಾಡಿಯ ಮೂಲ ವಿವರಕ್ಕೆ ವಿರುದ್ಧವಾಗಿ ಬದಲಾವಣೆ ಮಾಡಬಾರದು ಎಂದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿ ಹಿಡಿದಿದೆ. ಹಾಕಿಸಿದ ಗಾರ್ಡ್, ದೀಪಗಳ ಬಿಲ್ಲು ಇಟ್ಟುಕೊಂಡು ವಿಮಾ ಪಾಲಿಸಿಯಲ್ಲಿ ಬರೆಸಿ. ಬರೆಸದೆ ಇದ್ದರೆ ಕ್ಲೇಮಿನ ದಿನ ಅವಕ್ಕೆ ದುಡ್ಡು ಬರುವುದಿಲ್ಲ.

ಬಿಚ್ಚಿದ ಹಳೆಯ ಟೈರು, ಬಲ್ಬುಗಳನ್ನು ಅಂಗಡಿಯವರಿಗೆ ಬಿಟ್ಟು ಬರಬೇಡಿ. ಶೋರೂಮಿನಿಂದ ಬಂದ ಐದು ಟೈರು ಹೊಸದಾಗಿಯೇ ಇರುತ್ತವೆ. ಅದೇ ಅಳತೆಯ ಗಾಡಿಯವರಿಗೆ ಮಾರಿದರೆ ಹೊಸ ಟೈರಿನ ಖರ್ಚಿನಲ್ಲಿ ಒಂದು ಪಾಲು ವಾಪಸ್ ಬರುತ್ತದೆ. ಹೊಸ ಟೈರು ಹಾಕಿ ನೂರು ಕಿ.ಮೀ. ಓಡಿಸಿದ ಮೇಲೆ ಟಾರ್ಕ್ ರೆಂಚ್ ಇರುವ ಕಡೆ ವೀಲ್ ನಟ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಿಸಿ. ಸ್ಟೆಪ್ನಿಯ ನಟ್ಟನ್ನೂ ಸೇರಿಸಿ.