ಡಯಾಲಿಸಿಸ್ ನಡೆಯುತ್ತಿರುವಾಗ ವಿದೇಶಕ್ಕೆ ಹೊರಡುವವರಿಗೆ

ನಮ್ಮ ಬಳ್ಳಾರಿ, ರಾಯಚೂರು ಭಾಗದಲ್ಲಿ ಡಯಾಲಿಸಿಸ್ ಮಾಡಿಸಿಕೊಳ್ಳುವ ಅನೇಕ ಹಿರಿಯರು ದುಬೈಯಲ್ಲೋ ಅಮೆರಿಕದಲ್ಲೋ ಇರುವ ಮಕ್ಕಳ ಮನೆಗೆ ಹೋಗುವ ಆಸೆಯನ್ನೇ ಬಿಟ್ಟಿರುವುದು ನೋವಿನ ಸಂಗತಿ. ನಿಮ್ಮ ನೆಫ್ರಾಲಜಿಸ್ಟ್ (ಮೂತ್ರಪಿಂಡ ತಜ್ಞರು) ಒಪ್ಪಿದರೆ ಬಿಡಬೇಕಾಗಿಲ್ಲ. ಆದರೆ ಟಿಕೆಟ್ ಕೊಳ್ಳುವ ಮೊದಲೇ ಅಲ್ಲಿನ ಡಯಾಲಿಸಿಸ್ ಕೇಂದ್ರದಿಂದ ದಿನ, ಸಮಯ, ದರ ಮೂರನ್ನೂ ಲಿಖಿತವಾಗಿ ಪಡೆದುಕೊಳ್ಳಿ. ಸಾಮಾನ್ಯ ಪ್ರಯಾಣ ವಿಮೆಯಲ್ಲಿ ನಿಯಮಿತ ಡಯಾಲಿಸಿಸ್‌ನ ವೆಚ್ಚ ಬಹುತೇಕ ಸೇರಿರುವುದಿಲ್ಲ.

ಆ ಕೇಂದ್ರದವರು ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್‌ಐವಿ ಪರೀಕ್ಷೆಗಳ ಇತ್ತೀಚಿನ ವರದಿಗಳನ್ನು ಕೇಳುತ್ತಾರೆ. ಜೊತೆಗೆ ನಿಮ್ಮ ಡ್ರೈ ವೇಟ್ (ದೇಹದ ಹೆಚ್ಚುವರಿ ನೀರು ತೆಗೆದ ಮೇಲಿನ ತೂಕ), ಡಯಲೈಸರ್‌ನ (ರಕ್ತ ಶುದ್ಧಗೊಳಿಸುವ ಫಿಲ್ಟರ್) ವಿಧ, ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಔಷಧದ ಪ್ರಮಾಣ, ಫಿಸ್ಟುಲಾ (ಡಯಾಲಿಸಿಸ್ ಸೂಜಿ ಚುಚ್ಚಲು ಶಸ್ತ್ರಚಿಕಿತ್ಸೆಯಿಂದ ಜೋಡಿಸಿದ ರಕ್ತನಾಳ) ಯಾವ ಕೈಯಲ್ಲಿದೆ ಎಂಬ ವಿವರ, ಕಳೆದ ಕೆಲವು ಸರದಿಗಳ ಚಾರ್ಟ್ ಇವೆಲ್ಲ ವೈದ್ಯರ ಸಹಿ ಮತ್ತು ಮೊಹರಿನೊಂದಿಗೆ ಇಂಗ್ಲಿಷಿನಲ್ಲಿರಲಿ.

ರಾಯಚೂರಿನಿಂದ ಹೈದರಾಬಾದಿಗೋ ಬಳ್ಳಾರಿಯಿಂದ ಬೆಂಗಳೂರಿಗೋ ತಲುಪುವ ಗಂಟೆಗಳನ್ನೂ ವಿಮಾನದ ಗಂಟೆಗಳಿಗೆ ಸೇರಿಸಿ ಲೆಕ್ಕ ಹಾಕಿ, ಹೊರಡುವ ಹಿಂದಿನ ದಿನ ಡಯಾಲಿಸಿಸ್ ಮುಗಿಯುವಂತೆ ವೇಳೆ ಹೊಂದಿಸಿಕೊಳ್ಳಿ. ಫಿಸ್ಟುಲಾ ಇರುವ ಕೈಯಲ್ಲಿ ಬ್ಯಾಗ್ ಎತ್ತಬೇಡಿ.

ರಕ್ತಹೀನತೆಗೆ ಕೊಡುವ ಎರಿತ್ರೊಪೊಯೆಟಿನ್ ಇಂಜೆಕ್ಷನ್ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು. ನಮ್ಮ ಬಿಸಿಲಿನಲ್ಲಿ ಐಸ್ ಪ್ಯಾಕ್ ಬೇಕೇಬೇಕು. ಆದರೆ ಔಷಧ ಹೆಪ್ಪುಗಟ್ಟಿದರೂ ಕೆಡುವುದರಿಂದ ಅದನ್ನು ಬಟ್ಟೆಯಲ್ಲಿ ಸುತ್ತಿ, ವೈದ್ಯರ ಚೀಟಿಯೊಂದಿಗೆ ಕೈಚೀಲದಲ್ಲೇ ಇಟ್ಟುಕೊಳ್ಳಿ.

ಗಲ್ಫ್ ದೇಶಗಳಲ್ಲಿ ಪ್ರೀತಿಯಿಂದ ಕೊಡುವ ಖರ್ಜೂರದಲ್ಲಿ ಪೊಟ್ಯಾಸಿಯಂ ಹೆಚ್ಚು, ಮೂತ್ರಪಿಂಡ ಸರಿಯಾಗಿ ಕೆಲಸ ಮಾಡದವರಲ್ಲಿ ಅದು ರಕ್ತದಲ್ಲೇ ಉಳಿದುಬಿಡುತ್ತದೆ. ದಯವಿಟ್ಟು ಎಚ್ಚರ ವಹಿಸಿ. ಮರಳಿದ ಮೇಲೆ ನಿಮ್ಮ ಕೇಂದ್ರದಲ್ಲಿ ಸೋಂಕಿನ ಪರೀಕ್ಷೆಗಳನ್ನು ಮತ್ತೆ ಮಾಡಿಸಲು ಹೇಳಬಹುದು, ಆದ್ದರಿಂದ ಬರುವ ದಿನಾಂಕವನ್ನು ಅವರಿಗೆ ಮುಂಚಿತವಾಗಿಯೇ ತಿಳಿಸಿರಿ.